ಲಂಡನ್ ಕ್ಲಬ್ಬಿನ ಖರೀದಿ, ಘಾನಾಗೆ ಸಿಗಬೇಕಾದ ಪಾಲು

2025ರ ಜುಲೈನಲ್ಲಿ ಘಾನಾದ ಫುಟ್‌ಬಾಲ್ ಆಟಗಾರ ಮೊಹಮ್ಮದ್ ಕುಡುಸ್ ವೆಸ್ಟ್ ಹ್ಯಾಮ್ ಬಿಟ್ಟು ಟಾಟನ್‌ಹ್ಯಾಮ್ ಸೇರಿದರು. ಎರಡೂ ಲಂಡನ್ ಕ್ಲಬ್‌ಗಳೇ. ಆಟಗಾರ ಊರು ಕೂಡ ಬಿಡಲಿಲ್ಲ. ವರದಿಯಾದ ಬೆಲೆ 5.5 ಕೋಟಿ ಪೌಂಡ್. ನಮ್ಮ ಲೆಕ್ಕದಲ್ಲಿ 600 ಕೋಟಿ ರೂಪಾಯಿಗೂ ಜಾಸ್ತಿ. ಒಂದು ಲಂಡನ್ ಕ್ಲಬ್ ಇನ್ನೊಂದಕ್ಕೆ ಕೊಡುವ ಈ ದುಡ್ಡಿನಲ್ಲಿ ಒಂದು ಪಾಲು ಘಾನಾಗೆ, ಒಂದು ಪಾಲು ಡೆನ್ಮಾರ್ಕಿಗೆ, ಮತ್ತೊಂದು ನೆದರ್ಲೆಂಡ್ಸ್‌ಗೆ ಹೋಗಬೇಕು ಎನ್ನುತ್ತದೆ ನಿಯಮ.

ರಾತ್ರಿ ನಿದ್ದೆಗೆಟ್ಟು ಪ್ರೀಮಿಯರ್ ಲೀಗ್ ನೋಡುವ ನಮ್ಮವರಿಗೂ ಇದು ಗೊಂದಲದ ವಿಷಯ. ಮಾರಿದವರು ಲಂಡನ್‌ನಲ್ಲಿ, ಕೊಂಡವರು ಲಂಡನ್‌ನಲ್ಲಿ. ಘಾನಾಗೆ ಯಾಕೆ ಕೊಡಬೇಕು? ಕೊಡಬೇಕು ಎಂದಾದರೆ ಎಷ್ಟು? ಅದು ನಿಜವಾಗಿ ತಲುಪುತ್ತದಾ?

ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ, ಪಶ್ಚಿಮ ಆಫ್ರಿಕಾದ ಹುಡುಗನೊಬ್ಬ ಯುರೋಪಿನಲ್ಲಿ ವೃತ್ತಿ ಆಟಗಾರನಾಗುವ ದಾರಿ ಪೂರ್ತಿ ಕಾಣಿಸುತ್ತದೆ. ಆಟ ಚೆನ್ನಾಗಿ ಬಂದರೆ ಸಾಕು, ದಾರಿ ತಾನೇ ತೆರೆದುಕೊಳ್ಳುತ್ತದೆ ಎಂದು ಹೊರಗಿನಿಂದ ನೋಡುವವರಿಗೆ ಅನಿಸಬಹುದು. ಹಾಗಿಲ್ಲ. ಯಾವ ವಯಸ್ಸಿಗೆ ಹೊರಡಬೇಕು, ಮೊದಲು ಯಾವ ದೇಶಕ್ಕೆ ಹೋಗಬೇಕು, ಯಾರಿಗೆ ಎಷ್ಟು ಸಿಗಬೇಕು ಎಂಬುದನ್ನೆಲ್ಲ ಬಹುಮಟ್ಟಿಗೆ ನಿಯಮಗಳೇ ತೀರ್ಮಾನಿಸುತ್ತವೆ. ಆ ನಿಯಮಗಳಲ್ಲಿ ಕೆಲವು ಈಗ ಯುರೋಪಿನ ಕೋರ್ಟುಗಳಲ್ಲಿ ಅಲುಗಾಡುತ್ತಿವೆ.

## ನೀಮಾದಿಂದ ಲಂಡನ್‌ವರೆಗೆ

ಕುಡುಸ್ ಹುಟ್ಟಿದ್ದು 2000ದ ಆಗಸ್ಟ್ 2ರಂದು, ಘಾನಾ ರಾಜಧಾನಿ ಅಕ್ರಾದ ನೀಮಾ ಎಂಬ ಕಿಕ್ಕಿರಿದ ಬಡಾವಣೆಯಲ್ಲಿ. ಅಲ್ಲಿನ ಸ್ಟ್ರಾಂಗ್ ಟವರ್ ಎಂಬ ಸಣ್ಣ ಕ್ಲಬ್‌ನಲ್ಲಿ ಚೆಂಡು ಒದೆಯುತ್ತಿದ್ದ ಹುಡುಗ ಹನ್ನೆರಡರ ಆಸುಪಾಸಿನಲ್ಲಿ ರೈಟ್ ಟು ಡ್ರೀಮ್ ಎಂಬ ವಸತಿ ಅಕಾಡೆಮಿಗೆ ಆಯ್ಕೆಯಾದ. ವೋಲ್ಟಾ ನದಿಯ ದಡದ ಓಲ್ಡ್ ಅಕ್ರಾಡೆಯಲ್ಲಿರುವ ಈ ಅಕಾಡೆಮಿಯನ್ನು 1999ರಲ್ಲಿ ಶುರುಮಾಡಿದ್ದು ಇಂಗ್ಲೆಂಡಿನ ಟಾಮ್ ವರ್ನನ್. ಹಿಂದೆ ಮ್ಯಾಂಚೆಸ್ಟರ್ ಯುನೈಟೆಡ್‌ಗಾಗಿ ಆಫ್ರಿಕಾದಲ್ಲಿ ಆಟಗಾರರನ್ನು ಹುಡುಕುತ್ತಿದ್ದವರು ಅವರು. ಇಲ್ಲಿ ಫುಟ್‌ಬಾಲ್ ಜೊತೆಗೆ ಶಾಲೆಯೂ ಇದೆ. ವೃತ್ತಿ ಆಟಗಾರರಾಗದ ಹಲವರು ವಿದ್ಯಾರ್ಥಿವೇತನ ಪಡೆದು ಅಮೆರಿಕದ ಶಾಲೆ, ಕಾಲೇಜುಗಳಿಗೆ ಹೋಗಿದ್ದಾರೆ.

ಅಲ್ಲಿಂದ ಮುಂದಿನ ನಿಲ್ದಾಣ ಡೆನ್ಮಾರ್ಕಿನ ನಾರ್ಡ್‌ಶೆಲ್ಯಾಂಡ್. ಡೆನ್ಮಾರ್ಕಿನ ಲೀಗ್‌ನಲ್ಲಿ ಕುಡುಸ್ ಮೊದಲ ಪಂದ್ಯ ಆಡಿದ್ದು 2018ರ ಆಗಸ್ಟ್ 5ರಂದು. ಆಗ ಅವರಿಗೆ 18 ತುಂಬಿ ಮೂರೇ ದಿನ. 2020ರಲ್ಲಿ ನೆದರ್ಲೆಂಡ್ಸ್‌ನ ಅಯಾಕ್ಸ್ ಕ್ಲಬ್ ಅವರನ್ನು ಸುಮಾರು 90 ಲಕ್ಷ ಯುರೋ ಕೊಟ್ಟು ಕೊಂಡಿತು. 2022ರ ವಿಶ್ವಕಪ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಎರಡು ಗೋಲು ಹೊಡೆದಾಗ ಜಗತ್ತಿಗೆಲ್ಲ ಹೆಸರು ಗೊತ್ತಾಯಿತು. 2023ರಲ್ಲಿ ವೆಸ್ಟ್ ಹ್ಯಾಮ್ ಕೊಟ್ಟ ಬೆಲೆ ಸುಮಾರು 3.8 ಕೋಟಿ ಪೌಂಡ್ ಎಂದು ವರದಿಯಾಯಿತು. ಎರಡು ವರ್ಷದ ನಂತರ ಟಾಟನ್‌ಹ್ಯಾಮ್. ಅದೇ ವರ್ಷ ಅಕ್ಟೋಬರ್ 12ರಂದು ಅಕ್ರಾದಲ್ಲಿ ಕೊಮೊರೊಸ್ ವಿರುದ್ಧ ಅವರು ಹೊಡೆದ ಒಂದೇ ಗೋಲಿನಿಂದ ಘಾನಾ 2026ರ ವಿಶ್ವಕಪ್‌ಗೆ ಹೋಯಿತು.

ಏಳು ವರ್ಷ, ನಾಲ್ಕು ಕ್ಲಬ್. ಪ್ರತಿ ಮೆಟ್ಟಿಲಿಗೂ ಬೆಲೆ ಏರಿದೆ. ಏರಿದ್ದೆಲ್ಲ ಯುರೋಪಿನ ಒಳಗೇ ಆಗಿದೆ. ಮುಂದಿನ ಲೆಕ್ಕಕ್ಕೆಲ್ಲ ಇದೇ ಬುನಾದಿ.

## ಹದಿನೆಂಟಕ್ಕೆ ಕಾಯುವುದು ಯಾಕೆ

18 ತುಂಬಿದ ಮೂರನೇ ದಿನವೇ ಮೊದಲ ಪಂದ್ಯ ಎಂಬುದು ಆಕಸ್ಮಿಕ ಅಲ್ಲ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಆಟಗಾರರ ವರ್ಗಾವಣೆ ನಿಯಮಾವಳಿಯಲ್ಲಿ 19ನೇ ಕಲಂ ಇದೆ. 18 ವರ್ಷ ತುಂಬದ ಆಟಗಾರ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ಹೋಗುವಂತಿಲ್ಲ ಎನ್ನುತ್ತದೆ ಅದು. 2001ರಲ್ಲಿ ಯುರೋಪಿಯನ್ ಕಮಿಷನ್ ಜೊತೆ ಮಾತುಕತೆಯಾದ ಮೇಲೆ ಬಂದ ನಿಯಮ ಇದು. ಕೆಲವು ವಿನಾಯಿತಿಗಳಿವೆ. ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಅಪ್ಪ ಅಮ್ಮ ಬೇರೆ ದೇಶಕ್ಕೆ ಹೋದರೆ ಮಗನೂ ಅಲ್ಲಿ ಆಡಬಹುದು. ಗಡಿಯ ಹತ್ತಿರವೇ ವಾಸವಾಗಿದ್ದರೆ ಆಚೆಯ ಕ್ಲಬ್‌ಗೆ ಹೋಗಿ ಬರಬಹುದು. ಯುರೋಪಿಯನ್ ಒಕ್ಕೂಟದ ಒಳಗೆ 16 ತುಂಬಿದರೆ ಸಾಕು.

ಈ ಕೊನೆಯ ವಿನಾಯಿತಿಯೇ ಜಗಳದ ಮೂಲ. ಪೋರ್ಚುಗಲ್‌ನ 16ರ ಹುಡುಗ ಜರ್ಮನಿಗೆ ಹೋಗಬಹುದು. ಘಾನಾದ 16ರ ಹುಡುಗ ಹೋಗುವಂತಿಲ್ಲ. ಇಬ್ಬರ ಪ್ರತಿಭೆ ಒಂದೇ ಮಟ್ಟದ್ದಾದರೂ ಯುರೋಪಿನ ಅಕಾಡೆಮಿ ಬಾಗಿಲು ಒಬ್ಬನಿಗೆ ಎರಡು ವರ್ಷ ಮೊದಲೇ ತೆರೆಯುತ್ತದೆ.

ಕ್ಲಬ್‌ಗಳು ಈ ಗೋಡೆ ಹಾರಲು ನೋಡಿವೆ. ಡೆನ್ಮಾರ್ಕಿನ ಮಿಟ್‌ಜಿಲ್ಯಾಂಡ್ ಕ್ಲಬ್ ನೈಜೀರಿಯಾದ ಅಪ್ರಾಪ್ತ ಹುಡುಗರನ್ನು ವಿದ್ಯಾರ್ಥಿಗಳ ಹೆಸರಿನಲ್ಲಿ ಕರೆಸಿಕೊಂಡಿತ್ತು. ಆ ವ್ಯಾಜ್ಯ ಕ್ರೀಡಾ ನ್ಯಾಯಮಂಡಳಿಯವರೆಗೆ ಹೋಯಿತು. 2009ರಲ್ಲಿ ಕ್ಲಬ್ ಸೋತಿತು. ಅಪ್ರಾಪ್ತರ ನಿಯಮ ಮುರಿದದ್ದಕ್ಕೆ 2014ರಲ್ಲಿ ಬಾರ್ಸಿಲೋನಾಗೆ, 2016ರಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಅಟ್ಲೆಟಿಕೊಗೆ, 2019ರಲ್ಲಿ ಚೆಲ್ಸಿಗೆ ಹೊಸ ಆಟಗಾರರ ನೋಂದಣಿ ನಿಷೇಧದ ಶಿಕ್ಷೆ ಬಿತ್ತು. ಇಷ್ಟು ದೊಡ್ಡ ಹೆಸರುಗಳೇ ಸಿಕ್ಕಿಬಿದ್ದವು ಎಂದರೆ ಒತ್ತಡ ಎಷ್ಟಿದೆ ಎಂದು ಊಹಿಸಬಹುದು.

ನಿಯಮ ಬೇಡ ಎನ್ನುವವರ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಬಡ ಮನೆಯ ಹುಡುಗನಿಗೆ ಒಳ್ಳೆಯ ಊಟ, ಒಳ್ಳೆಯ ಕೋಚ್, ಒಳ್ಳೆಯ ಡಾಕ್ಟರ್ ಬೇಗ ಸಿಗುವುದನ್ನು ಇದು ತಡೆಯುತ್ತದೆ ಎನ್ನುತ್ತಾರೆ ಅವರು. ತಡೆದಷ್ಟೂ ಸುಳ್ಳು ವಯಸ್ಸು, ಸುಳ್ಳು ಕಾಗದಪತ್ರ ಹೆಚ್ಚುತ್ತವೆ ಎಂದೂ ಹೇಳುತ್ತಾರೆ.

ಆದರೆ ನಿಯಮ ಬಂದದ್ದು ಯಾಕೆ ಎಂದು ನೆನಪಿಡಬೇಕು. ನಕಲಿ ಏಜೆಂಟ್ ಮನೆಗೆ ಬರುತ್ತಾನೆ. ಯುರೋಪಿನ ದೊಡ್ಡ ಕ್ಲಬ್‌ನಲ್ಲಿ ಟ್ರಯಲ್ಸ್ ಕೊಡಿಸುತ್ತೇನೆ ಎನ್ನುತ್ತಾನೆ. ವೀಸಾಗೆ, ಟಿಕೆಟ್‌ಗೆ ಎಂದು ದುಡ್ಡು ಕೇಳುತ್ತಾನೆ. ಮನೆಯವರು ಜಮೀನು ಮಾರಿ, ಸಾಲ ಮಾಡಿ ಕೊಡುತ್ತಾರೆ. ಹುಡುಗ ಪ್ರವಾಸಿ ವೀಸಾದಲ್ಲಿ ಯಾವುದೋ ನಗರದಲ್ಲಿ ಇಳಿಯುತ್ತಾನೆ. ಟ್ರಯಲ್ಸ್ ಇರುವುದಿಲ್ಲ, ಏಜೆಂಟ್ ಫೋನ್ ಎತ್ತುವುದಿಲ್ಲ. ಸೋತು ಊರಿಗೆ ಮರಳಲು ನಾಚಿಕೆ. ವೀಸಾ ಮುಗಿದ ಮೇಲೆ ಅಲ್ಲೇ ಕದ್ದುಮುಚ್ಚಿ ಬದುಕು. ಕ್ಯಾಮರೂನ್‌ನ ಮಾಜಿ ಆಟಗಾರ ಜಾನ್-ಕ್ಲೋಡ್ ಎಂಬ್ವುಮಾ 2000ದಲ್ಲಿ ಫೂಟ್ ಸಾಲಿಡೇರ್ ಎಂಬ ಸಂಸ್ಥೆ ಕಟ್ಟಿದ್ದು ಇಂಥ ಹುಡುಗರಿಗಾಗಿಯೇ. ಈ ಮೋಸ ಯುರೋಪಿಗಷ್ಟೇ ಸೀಮಿತವೂ ಅಲ್ಲ. ನಮ್ಮ ಪಕ್ಕದ ಕೇರಳದ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಟೂರ್ನಿಗಳಿಗೆ ಪ್ರತಿ ಸೀಸನ್‌ನಲ್ಲೂ ಘಾನಾ, ಐವರಿ ಕೋಸ್ಟ್, ಲೈಬೀರಿಯಾ, ನೈಜೀರಿಯಾದ ಆಟಗಾರರು ಬರುತ್ತಾರೆ. ಅವರಲ್ಲೂ ಒಪ್ಪಂದದ ಆಸೆಗೆ ಬಂದು, ಸಂಬಳವಿಲ್ಲದೆ ಸಿಕ್ಕಿಹಾಕಿಕೊಂಡವರು ಇದ್ದಾರೆ.

ಹಾಗಾಗಿ 18ರ ಗೆರೆ ಉಳಿಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಹದಿನಾಲ್ಕರ ಮಗುವಿಗೆ ಒಪ್ಪಂದ ಮುರಿದರೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರುವುದಿಲ್ಲ. ಅದನ್ನು ಕಾಯುವ ಬೇರೆ ಬೇಲಿ ಸದ್ಯಕ್ಕೆ ಇಲ್ಲ.

## ನೇರ ಇಂಗ್ಲೆಂಡಿಗೆ ಹೋಗಲಾಗದ ಕಾರಣ

18 ಆದ ಮೇಲಾದರೂ ಅಕ್ರಾದಿಂದ ನೇರ ಲಂಡನ್‌ಗೆ ಹೋಗಬಹುದಲ್ವಾ? ಸಾಮಾನ್ಯವಾಗಿ ಆಗುವುದಿಲ್ಲ. ಬ್ರೆಕ್ಸಿಟ್ ನಂತರ, 2021ರಿಂದ, ಇಂಗ್ಲೆಂಡಿನಲ್ಲಿ ಆಡಲು ಹೊರದೇಶದ ಆಟಗಾರನಿಗೆ 15 ಅಂಕ ಬೇಕು. ರಾಷ್ಟ್ರೀಯ ತಂಡದಲ್ಲಿ ಎಷ್ಟು ಪಂದ್ಯ ಆಡಿದ್ದಾನೆ, ಅವನ ದೇಶದ ರ‍್ಯಾಂಕ್ ಎಷ್ಟು, ಯಾವ ಮಟ್ಟದ ಲೀಗ್‌ನಲ್ಲಿ ಎಷ್ಟು ಹೊತ್ತು ಆಡಿದ್ದಾನೆ ಎಂದು ನೋಡಿ ಅಂಕ ಕೊಡುತ್ತಾರೆ. ಘಾನಾ ಲೀಗ್‌ನಲ್ಲಿ ಆಡುವ 18ರ ಹುಡುಗನಿಗೆ ಇಷ್ಟು ಅಂಕ ಕೂಡುವುದು ತುಂಬಾ ಕಷ್ಟ. 2023ರಿಂದ ಕ್ಲಬ್‌ಗಳಿಗೆ ಅಂಕ ಸಾಲದ ಕೆಲವು ಆಟಗಾರರನ್ನೂ ತೆಗೆದುಕೊಳ್ಳುವ ಅವಕಾಶ ಸಿಕ್ಕಿದೆ. ಆದರೆ ಆ ಜಾಗಗಳು ಬೆರಳೆಣಿಕೆಯಷ್ಟು.

ಹಾಗಾಗಿ ದಾರಿ ಡೆನ್ಮಾರ್ಕ್, ಸ್ವೀಡನ್, ಬೆಲ್ಜಿಯಂ, ಆಸ್ಟ್ರಿಯಾ, ಫ್ರಾನ್ಸ್‌ನ ಮಧ್ಯಮ ಕ್ಲಬ್‌ಗಳ ಮೂಲಕವೇ ಹಾಯುತ್ತದೆ. ಈ ಅಂಕದ ನಿಯಮಕ್ಕೆ ಮುಂಚೆ ಸೆನೆಗಲ್‌ನ ಸಾದಿಯೊ ಮಾನೆ ಹೋದದ್ದೂ ಹೀಗೆ. ಡಾಕರ್‌ನ ಜೆನೆರಾಸಿಯೋ ಫೂಟ್ ಅಕಾಡೆಮಿ, ಅಲ್ಲಿಂದ ಫ್ರಾನ್ಸ್‌ನ ಮೆಟ್ಸ್, ಆಮೇಲೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್, ಆಮೇಲೆ ಸೌತಾಂಪ್ಟನ್, ಕೊನೆಗೆ ಲಿವರ್‌ಪೂಲ್.

ಇದರ ಪರಿಣಾಮ ನೇರವಾಗಿದೆ. ಆಫ್ರಿಕಾದ ಕ್ಲಬ್ ತನ್ನ ಹುಡುಗನನ್ನು ಕೊಡುವುದು ಮೊದಲ ಮೆಟ್ಟಿಲಿನ ಕ್ಲಬ್‌ಗೆ, ಅವನ ಬೆಲೆ ತೀರಾ ಕಡಿಮೆ ಇರುವಾಗ. ಎರಡು ವರ್ಷ ಆಡಿಸಿ, ಲೀಗ್‌ನಲ್ಲಿ ಹೆಸರು ಬರಿಸಿ ಮಾರುವ ಲಾಭ ಮಧ್ಯದ ಕ್ಲಬ್‌ಗೆ. ಆ ಮಧ್ಯದ ಕ್ಲಬ್ ಸುಮ್ನೆ ಕೂತು ದುಡ್ಡು ಎಣಿಸುತ್ತದೆ ಎಂದಲ್ಲ. ಅದೂ ಸಂಬಳ ಕೊಡುತ್ತದೆ, ಕಲಿಸುತ್ತದೆ. ಹೋದ ಎಲ್ಲರೂ ಕುಡುಸ್ ಆಗುವುದಿಲ್ಲವಾದ್ದರಿಂದ ನಷ್ಟದ ಅಪಾಯವನ್ನೂ ಹೊರುತ್ತದೆ. ಆದರೆ ಹತ್ತು ವರ್ಷ ಕಲಿಸಿದವರ ಪಾಲು ಮತ್ತು ಎರಡು ವರ್ಷ ಆಡಿಸಿದವರ ಪಾಲಿನ ನಡುವೆ ಇಷ್ಟು ಅಂತರ ಇರಬೇಕಾ?

## ಶೇ 5ರ ಲೆಕ್ಕ

ಈ ಅಂತರ ತಗ್ಗಿಸಲು ಫಿಫಾ ಎರಡು ವ್ಯವಸ್ಥೆ ಮಾಡಿದೆ. ಎರಡನ್ನೂ ಬಿಡಿಸಿ ನೋಡಬೇಕು, ಯಾಕೆಂದರೆ ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗುತ್ತವೆ.

ಮೊದಲನೆಯದು ತರಬೇತಿ ಪರಿಹಾರ. ಆಟಗಾರ ಮೊದಲ ವೃತ್ತಿ ಒಪ್ಪಂದಕ್ಕೆ ಸಹಿ ಹಾಕಿದಾಗ, ಆಮೇಲೆ 23ರವರೆಗೆ ಒಂದು ದೇಶದಿಂದ ಇನ್ನೊಂದಕ್ಕೆ ಕ್ಲಬ್ ಬದಲಿಸಿದಾಗ, ಹೊಸ ಕ್ಲಬ್ ಹಳೆಯ ಕ್ಲಬ್‌ಗೆ ತರಬೇತಿಯ ಖರ್ಚು ಕೊಡಬೇಕು. ಕ್ಲಬ್‌ಗಳನ್ನು ನಾಲ್ಕು ದರ್ಜೆ ಮಾಡಿದ್ದಾರೆ. ಯುರೋಪಿನಲ್ಲಿ ಮೇಲಿನ ದರ್ಜೆಗೆ ವರ್ಷಕ್ಕೆ 90,000 ಯುರೋ, ಕೊನೆಯ ದರ್ಜೆಗೆ 10,000. ಆಫ್ರಿಕಾದಲ್ಲಿ ಅತಿ ಹೆಚ್ಚೆಂದರೆ 30,000 ಡಾಲರ್, ಕೊನೆಯ ದರ್ಜೆಗೆ 2,000 ಡಾಲರ್. ಯುರೋಪಿನ ಕ್ಲಬ್ ಆಫ್ರಿಕಾದ ಹುಡುಗನನ್ನು ತೆಗೆದುಕೊಂಡರೆ ಯುರೋಪಿನ ದರವೇ ಲೆಕ್ಕ. ಕೇಳಲು ಚೆನ್ನಾಗಿದೆ. ಆದರೆ 12ರಿಂದ 15ರವರೆಗಿನ ನಾಲ್ಕು ವರ್ಷಕ್ಕೆ ಕೊಳ್ಳುವವರು ಎಷ್ಟೇ ದೊಡ್ಡವರಿರಲಿ, ಕೊನೆಯ ದರ್ಜೆಯ ದರ ಮಾತ್ರ. ವರ್ಷಕ್ಕೆ ಸುಮಾರು 10 ಲಕ್ಷ ರೂಪಾಯಿ. ಹುಡುಗನ ಆಟ ರೂಪುಗೊಳ್ಳುವ ವರ್ಷಗಳಿಗೇ ಅತಿ ಕಡಿಮೆ ಬೆಲೆ ಕಟ್ಟಿದಂತಾಯಿತು.

ಎರಡನೆಯದು ಸಾಲಿಡಾರಿಟಿ ಪಾಲು. ಒಪ್ಪಂದ ಇರುವಾಗಲೇ ಆಟಗಾರನನ್ನು ಮಾರಿದರೆ, ಬೆಲೆಯ ಶೇ 5ರಷ್ಟನ್ನು ಅವನಿಗೆ 12ರಿಂದ 23ರವರೆಗೆ ಕಲಿಸಿದ ಕ್ಲಬ್‌ಗಳಿಗೆ ಹಂಚಬೇಕು. ಇದಕ್ಕೆ ಆಟಗಾರನ ವಯಸ್ಸಿನ ಮಿತಿ ಇಲ್ಲ. ಮೂವತ್ತಕ್ಕೆ ಮಾರಿದರೂ ಹಂಚಬೇಕು. 12ರಿಂದ 15ರವರೆಗೆ ಪ್ರತಿ ವರ್ಷಕ್ಕೆ ಬೆಲೆಯ ಶೇ 0.25. 16ರಿಂದ 23ರವರೆಗೆ ವರ್ಷಕ್ಕೆ ಶೇ 0.5.

ಇದನ್ನು ಕುಡುಸ್ ವಿಷಯಕ್ಕೆ ಹಾಕಿ ನೋಡೋಣ. 12ರಿಂದ 18ರ ಹತ್ತಿರದವರೆಗೆ ಘಾನಾ. ಅಲ್ಲಿಗೆ ಸಿಗಬೇಕಾದ್ದು ಬೆಲೆಯ ಸುಮಾರು ಶೇ 2. ವರದಿಯಾದ 5.5 ಕೋಟಿ ಪೌಂಡ್‌ನಲ್ಲಿ ಅದು ಹತ್ತಿರ ಹತ್ತಿರ 11 ಲಕ್ಷ ಪೌಂಡ್, ಸುಮಾರು 12-13 ಕೋಟಿ ರೂಪಾಯಿ. ಎರಡು ವರ್ಷ ಆಡಿದ ಡೆನ್ಮಾರ್ಕಿಗೆ ಶೇ 1ಕ್ಕಿಂತ ತುಸು ಹೆಚ್ಚು. ಮೂರು ವರ್ಷದ ಅಯಾಕ್ಸ್‌ಗೆ ಸುಮಾರು ಶೇ 1.5. ಅಂದರೆ ಹನ್ನೆರಡರ ಮಗುವನ್ನು ಆಟಗಾರನನ್ನಾಗಿ ಮಾಡಿದ ಆರು ವರ್ಷಕ್ಕೂ, ತಯಾರಾದ ಆಟಗಾರನನ್ನು ಆಡಿಸಿದ ಮೂರು ವರ್ಷಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಅಯಾಕ್ಸ್ ಆಗಲೇ ಅವರನ್ನು ಮಾರಿ ದೊಡ್ಡ ಮೊತ್ತ ಪಡೆದಿದೆ ಎಂಬುದು ಬೇರೆ.

ಇನ್ನು ನೀಮಾದ ಆ ಪುಟ್ಟ ಕ್ಲಬ್? 12ಕ್ಕೆ ಮುಂಚಿನ ವರ್ಷಗಳು ಲೆಕ್ಕಕ್ಕೇ ಬರುವುದಿಲ್ಲ. ಬರಿಗಾಲಲ್ಲಿ ಓಡುತ್ತಿದ್ದ ಎಂಟರ ಹುಡುಗನಲ್ಲಿ ಏನೋ ಇದೆ ಎಂದು ಮೊದಲು ಗುರುತಿಸುವವರಿಗೆ ಈ ವ್ಯವಸ್ಥೆಯಲ್ಲಿ ಹೆಸರೇ ಇಲ್ಲ. ಇಡೀ ನಿಯಮಾವಳಿಯಲ್ಲಿ ನನಗೆ ಹೆಚ್ಚು ಅನ್ಯಾಯ ಅನಿಸುವುದು ಇದು.

ಈಗ ಶುರುವಿನ ಪ್ರಶ್ನೆಗೆ ಬರೋಣ. ಲಂಡನ್‌ನಿಂದ ಲಂಡನ್‌ಗೆ ಹೋದರೆ ಘಾನಾಗೆ ಯಾಕೆ? 2020ರ ಜುಲೈವರೆಗೆ ನಿಜಕ್ಕೂ ಇರಲಿಲ್ಲ. ಆಟಗಾರ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋದರೆ ಮಾತ್ರ ಫಿಫಾದ ಈ ಪಾಲು ಕೊಡಬೇಕಿತ್ತು. 2016ರಲ್ಲಿ ಮಾನೆ ಸೌತಾಂಪ್ಟನ್‌ನಿಂದ ಲಿವರ್‌ಪೂಲ್‌ಗೆ ಹೋದಾಗ ವರದಿಯಾದ ಬೆಲೆ ಸುಮಾರು 3.4 ಕೋಟಿ ಪೌಂಡ್. ಎರಡೂ ಇಂಗ್ಲಿಷ್ ಕ್ಲಬ್. ಆದ್ದರಿಂದ ಈ ನಿಯಮದಡಿ ಸೆನೆಗಲ್‌ಗೆ ಏನೂ ಬರುವಂತಿರಲಿಲ್ಲ. 2020ರಲ್ಲಿ ನಿಯಮ ತಿದ್ದಿದರು. ಒಂದೇ ದೇಶದೊಳಗೆ ಮಾರಿದರೂ, ಕಲಿಸಿದ ಕ್ಲಬ್ ಬೇರೆ ದೇಶದ್ದಾದರೆ ಪಾಲು ಕೊಡಬೇಕು ಎಂದಾಯಿತು. ಆಫ್ರಿಕಾದ ಮಟ್ಟಿಗೆ ಇದು ದೊಡ್ಡ ಬದಲಾವಣೆ. ಅಲ್ಲಿಂದ ಹೋದ ಆಟಗಾರರ ಅತಿ ದುಬಾರಿ ಮಾರಾಟಗಳಲ್ಲಿ ಎಷ್ಟೋ ಇಂಗ್ಲೆಂಡಿನ ಒಳಗೇ ನಡೆಯುತ್ತವೆ.

## ಕಾಗದದ ಪಾಲು, ಕೈಗೆ ಬಂದ ಪಾಲು

ನಿಯಮದಲ್ಲಿ ಇರುವುದು ಒಂದು, ಬ್ಯಾಂಕ್ ಖಾತೆಗೆ ಬರುವುದು ಇನ್ನೊಂದು. ವರ್ಷಕ್ಕೆ ಸುಮಾರು 40 ಕೋಟಿ ಡಾಲರ್ ತರಬೇತಿ ಹಣ ಕ್ಲಬ್‌ಗಳಿಗೆ ಸಿಗಬೇಕಿದ್ದಲ್ಲಿ 7-8 ಕೋಟಿ ಮಾತ್ರ ತಲುಪುತ್ತಿತ್ತು ಎಂಬುದು ಫಿಫಾ ಕಡೆಯ ಅಂದಾಜೇ. ಕಾರಣ ಸರಳ. ತಾನು ಕಲಿಸಿದ ಹುಡುಗ ಯಾವ ದೇಶದಲ್ಲಿ ಯಾರಿಂದ ಯಾರಿಗೆ ಮಾರಾಟವಾದ ಎಂದು ಸಣ್ಣ ಊರಿನ ಕ್ಲಬ್‌ಗೆ ಗೊತ್ತಾಗಬೇಕು. ಗೊತ್ತಾದರೂ ವಕೀಲರನ್ನು ಹಿಡಿಯಬೇಕು. ಅರ್ಜಿ ಹಾಕಲು ಗಡುವಿದೆ. ಹುಡುಗ 12ನೇ ವಯಸ್ಸಿಗೇ ತಮ್ಮಲ್ಲಿ ನೋಂದಾಯಿಸಿದ್ದ ಎಂಬುದಕ್ಕೆ ದಾಖಲೆ ತೋರಿಸಬೇಕು.

2022ರ ನವೆಂಬರ್‌ನಲ್ಲಿ ಫಿಫಾ ಪ್ಯಾರಿಸ್‌ನಲ್ಲಿ ಕ್ಲಿಯರಿಂಗ್ ಹೌಸ್ ಶುರುಮಾಡಿತು. ಈಗ ಟ್ರಾನ್ಸ್‌ಫರ್ ಆದ ಕೂಡಲೇ ಆಟಗಾರನ ಎಲೆಕ್ಟ್ರಾನಿಕ್ ಪಾಸ್‌ಪೋರ್ಟ್ ತಯಾರಾಗುತ್ತದೆ. ಯಾವ ವರ್ಷ ಯಾವ ಕ್ಲಬ್‌ನಲ್ಲಿದ್ದ ಎಂಬುದು ಅದರಲ್ಲಿ ಇರುತ್ತದೆ. ಲೆಕ್ಕ ಹಾಕಿ, ಕೊಂಡ ಕ್ಲಬ್‌ನಿಂದ ವಸೂಲಿ ಮಾಡಿ, ಕಲಿಸಿದ ಕ್ಲಬ್‌ಗಳಿಗೆ ಕಳಿಸುವುದು ಈ ಸಂಸ್ಥೆಯ ಕೆಲಸ. ಕ್ಲಬ್ ತಾನಾಗಿ ಬೆನ್ನು ಹತ್ತಬೇಕಾಗಿಲ್ಲ.

ಆದರೆ ಎರಡು ತೊಡಕು ಉಳಿದಿವೆ. ದೇಶದ ಫುಟ್‌ಬಾಲ್ ಸಂಸ್ಥೆ ಮಕ್ಕಳ ನೋಂದಣಿಯನ್ನು ಸರಿಯಾಗಿ ಇಟ್ಟಿದ್ದರೆ ಮಾತ್ರ ಪಾಸ್‌ಪೋರ್ಟ್‌ನಲ್ಲಿ ಹೆಸರು ಬರುತ್ತದೆ. ಹಳ್ಳಿ ಟೂರ್ನಿಯಲ್ಲಿ ಆಡಿದ ಹುಡುಗನಿಗೆ ಯಾವ ನೋಂದಣಿ? ಅಲ್ಲದೆ ದೇಶದ ಸಂಸ್ಥೆಗೆ ಸೇರದ ಖಾಸಗಿ ಅಕಾಡೆಮಿಗೆ ಹಕ್ಕೇ ಇಲ್ಲ. ಎರಡನೆಯದು, ಕ್ಲಿಯರಿಂಗ್ ಹೌಸ್ ಫ್ರಾನ್ಸ್‌ನ ಹಣಕಾಸು ಕಾನೂನಿನಡಿ ನಡೆಯುವ ಪಾವತಿ ಸಂಸ್ಥೆ. ಮಾಲೀಕರು ಯಾರು, ಖಾತೆ ಯಾರದು ಎಂದು ತಪಾಸಣೆ ಮಾಡಿಯೇ ದುಡ್ಡು ಬಿಡುತ್ತದೆ. ಕಪ್ಪುಹಣ ತಡೆಯಲು ಇದು ಬೇಕು. ಆದರೆ ಒಬ್ಬ ಮೇಷ್ಟ್ರು ತನ್ನ ಕಿಸೆಯ ದುಡ್ಡಿನಲ್ಲಿ ನಡೆಸುವ ಕ್ಲಬ್‌ಗೆ ಅಷ್ಟು ಕಾಗದಪತ್ರ ಒದಗಿಸುವುದೇ ದೊಡ್ಡ ಕೆಲಸ.

## ಅಕಾಡೆಮಿಯೇ ಕ್ಲಬ್ ಕೊಂಡರೆ

ರೈಟ್ ಟು ಡ್ರೀಮ್ ಇದಕ್ಕೆ ಬೇರೆಯದೇ ಉತ್ತರ ಹುಡುಕಿತು. ಮಧ್ಯದ ಮೆಟ್ಟಿಲಿನ ಕ್ಲಬ್ ಲಾಭ ಪಡೆಯುತ್ತದೆ ಎಂದಾದರೆ ಆ ಮೆಟ್ಟಿಲನ್ನೇ ಕೊಂಡುಬಿಟ್ಟರೆ? ಡೆನ್ಮಾರ್ಕಿನ ಫಾರುಮ್ ಪಟ್ಟಣದ ನಾರ್ಡ್‌ಶೆಲ್ಯಾಂಡ್ ಕ್ಲಬ್ ಅನ್ನು ವರ್ನನ್ ನೇತೃತ್ವದಲ್ಲಿ ಕೊಂಡರು. 2016ರಿಂದ ಕ್ಲಬ್ ರೈಟ್ ಟು ಡ್ರೀಮ್ ಬಳಗದ ಕೈಯಲ್ಲಿದೆ. ಅಕಾಡೆಮಿಯ ಹುಡುಗ 18 ತುಂಬಿದ ಕೂಡಲೇ ತಮ್ಮದೇ ಕ್ಲಬ್‌ಗೆ ಹೋಗುತ್ತಾನೆ, ಅಲ್ಲಿ ಆಡಿ ಬೆಳೆಯುತ್ತಾನೆ, ಆಮೇಲೆ ಮಾರಾಟ. ಕುಡುಸ್ ಅಲ್ಲದೆ ಕಮಾಲ್‌ದೀನ್ ಸುಲೇಮಾನಾ, ಅರ್ನೆಸ್ಟ್ ನುವಾಮಾ, ಐವರಿ ಕೋಸ್ಟ್‌ನ ಸೈಮನ್ ಅಡಿಂಗ್ರಾ ಬಂದದ್ದೂ ಇದೇ ದಾರಿಯಲ್ಲಿ.

ಇದರಿಂದ ಆಟಗಾರರಿಗೆ ಲಾಭವಿದೆ. ಹದಿನೆಂಟರ ಹುಡುಗನಿಗೆ ಹೊಸ ದೇಶದ ಚಳಿ, ಭಾಷೆ, ಒಂಟಿತನ ಎಲ್ಲ ಒಟ್ಟಿಗೆ ಎದುರಾಗುವಾಗ, ಜೊತೆಯಲ್ಲಿ ಬೆಳೆದ ನಾಲ್ಕು ಜನ ಅಲ್ಲೇ ಇರುವುದು ಸಣ್ಣ ಮಾತಲ್ಲ. ಹೊಸಬ ಎಂದು ಬೆಂಚಿನಲ್ಲಿ ಕೊಳೆಯುವುದೂ ಕಡಿಮೆ, ಯಾಕೆಂದರೆ ಎಳೆಯರನ್ನು ಆಡಿಸುವುದೇ ಆ ಕ್ಲಬ್‌ನ ವ್ಯವಹಾರ.

ಆದರೆ ಒಡೆತನದ ಪ್ರಶ್ನೆ ಹಾಗೇ ಇದೆ. 2021ರಲ್ಲಿ ಈಜಿಪ್ಟ್ ಮೂಲದ ಮನ್ಸೂರ್ ಸಮೂಹ ಈ ಬಳಗದಲ್ಲಿ 12 ಕೋಟಿ ಡಾಲರ್ ಹೂಡಿ ಒಡೆತನ ಪಡೆಯಿತು. ಈಗ ಈಜಿಪ್ಟ್‌ನಲ್ಲೂ ಅಕಾಡೆಮಿ ಇದೆ, ಅಮೆರಿಕದಲ್ಲಿ ಸ್ಯಾನ್ ಡಿಯೇಗೊ ಕ್ಲಬ್ ಇದೆ. ಡೆನ್ಮಾರ್ಕಿನಲ್ಲಿ ಬಂದ ಲಾಭದ ಒಂದು ಭಾಗ ವೋಲ್ಟಾ ದಡದ ಅಕಾಡೆಮಿಗೆ ಮರಳಿ ಬರುತ್ತದೆ, ನಿಜ. ಎಷ್ಟು ಬರಬೇಕು ಎಂಬುದನ್ನು ತೀರ್ಮಾನಿಸುವುದು ಮಾಲೀಕರು. ಆ ಅಕಾಡೆಮಿಗೆ ಮುಂಚೆ ಹುಡುಗನನ್ನು ಬೆಳೆಸಿದ ಊರಿನ ಕ್ಲಬ್‌ಗೆ ಇದರಲ್ಲಿ ಹಕ್ಕಿನ ಪಾಲು ಇಲ್ಲ.

## ಡಿಯಾರಾ ತೀರ್ಪು ಎಲ್ಲಿಗೆ ಒಯ್ಯುತ್ತದೆ

ಇಷ್ಟೆಲ್ಲ ಲೆಕ್ಕ ನಿಂತಿರುವುದು ಟ್ರಾನ್ಸ್‌ಫರ್ ಬೆಲೆ ಎಂಬ ಒಂದೇ ಕಂಬದ ಮೇಲೆ. ಆ ಕಂಬಕ್ಕೆ ಈಗ ಬಿರುಕು ಬಿಟ್ಟಿದೆ.

ಫ್ರಾನ್ಸ್‌ನ ಲಸಾನಾ ಡಿಯಾರಾ 2014ರಲ್ಲಿ ಲೊಕೊಮೊಟಿವ್ ಮಾಸ್ಕೋ ಜೊತೆ ಜಗಳವಾಗಿ ಹೊರಬಿದ್ದರು. ಕ್ಲಬ್‌ಗೆ ಅವರೇ 1.05 ಕೋಟಿ ಯುರೋ ಕೊಡಬೇಕು ಎಂದಾಯಿತು. ಬೆಲ್ಜಿಯಂನ ಶಾರ್ಲೆರ್ವಾ ಕ್ಲಬ್ ಅವರನ್ನು ಸೇರಿಸಿಕೊಳ್ಳಲು ಬಯಸಿತ್ತು. ಆದರೆ ನಿಯಮದ ಪ್ರಕಾರ ಆ ದಂಡ ಹೊಸ ಕ್ಲಬ್‌ನ ತಲೆಗೂ ಬರುವ ಭಯದಿಂದ ಹಿಂದೆ ಸರಿಯಿತು. ಈ ನಿಯಮಗಳ ಕೆಲವು ಭಾಗ ಯುರೋಪಿನ ಕಾನೂನಿಗೆ ವಿರುದ್ಧ ಎಂದು ಯುರೋಪಿನ ನ್ಯಾಯಾಲಯ 2024ರ ಅಕ್ಟೋಬರ್ 4ರಂದು ಹೇಳಿತು. ಫಿಫಾ ಅದೇ ವರ್ಷದ ಕೊನೆಗೆ ತಾತ್ಕಾಲಿಕ ನಿಯಮ ತಂದಿತು. 2025ರಲ್ಲಿ ಜಸ್ಟಿಸ್ ಫಾರ್ ಪ್ಲೇಯರ್ಸ್ ಎಂಬ ಡಚ್ ಸಂಸ್ಥೆ, 2002ರಿಂದ ಆಡಿದ ಆಟಗಾರರ ಪರವಾಗಿ ಪರಿಹಾರ ಕೇಳುವ ಮೊಕದ್ದಮೆ ಘೋಷಿಸಿತು.

ಆಟಗಾರರ ಸಂಘಗಳ ನಿಲುವು ಸ್ಪಷ್ಟ. ಬೇರೆ ಯಾವ ನೌಕರನಿಗೂ ಇಲ್ಲದ ಸಂಕೋಲೆ ಫುಟ್‌ಬಾಲ್ ಆಟಗಾರನಿಗೆ ಯಾಕೆ? ಕೆಲಸ ಬಿಡುವ ಹಕ್ಕು ಎಲ್ಲರಿಗೂ ಇರಬೇಕು. ಎಳೆಯ ಆಫ್ರಿಕನ್ ಆಟಗಾರನಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅವನ ವೀಸಾ ಕೂಡ ಒಪ್ಪಂದಕ್ಕೇ ಅಂಟಿಕೊಂಡಿರುತ್ತದೆ. 2022ರಲ್ಲಿ ಕುಡುಸ್ ಕೂಡ ಎವರ್ಟನ್‌ಗೆ ಹೋಗಲು ಪಟ್ಟುಹಿಡಿದು ಅಭ್ಯಾಸಕ್ಕೆ ಬಾರದೆ ಕೂತಿದ್ದರು ಎಂದು ವರದಿಯಾಗಿತ್ತು. ಅಯಾಕ್ಸ್ ಬಿಡಲಿಲ್ಲ.

ಫಿಫಾ ಮತ್ತು ಕ್ಲಬ್‌ಗಳ ವಾದ ಇದರ ಎದುರು. ಆಟಗಾರ ಯಾವಾಗ ಬೇಕಾದರೂ ಹೋಗಬಹುದು ಎಂದಾದರೆ ಬೆಲೆ ಕೊಟ್ಟು ಕೊಳ್ಳುವವರು ಯಾರು? ಬೆಲೆ ಬಿದ್ದರೆ ಸಣ್ಣ ಕ್ಲಬ್‌ಗಳಿಗೆ ಬರುವ ಪಾಲೂ ಬೀಳುತ್ತದೆ. ಕಲಿಸುವ ಕ್ಲಬ್‌ಗಳು ಮುಚ್ಚುತ್ತವೆ.

ಎರಡೂ ವಾದದಲ್ಲಿ ನಿಜವಿದೆ. ಎರಡನೆಯದರ ಪುರಾವೆ ಆಗಲೇ ಇದೆ. ಒಪ್ಪಂದ ಮುಗಿದ ಆಟಗಾರ ಹೋದರೆ ಬೆಲೆ ಇಲ್ಲ, ಬೆಲೆ ಇಲ್ಲದಿದ್ದರೆ ಶೇ 5ಕ್ಕೆ ಅರ್ಥವಿಲ್ಲ. ಐವರಿ ಕೋಸ್ಟ್‌ನ ಫ್ರಾಂಕ್ ಕೆಸಿಯೆ 2022ರಲ್ಲಿ ಮಿಲಾನ್ ಒಪ್ಪಂದ ಮುಗಿಸಿ ಬೆಲೆಯಿಲ್ಲದೆ ಬಾರ್ಸಿಲೋನಾ ಸೇರಿದರು. ಅವರನ್ನು ಬೆಳೆಸಿದ ಅಬಿಜಾನ್‌ನ ಸ್ಟೆಲ್ಲಾ ಕ್ಲಬ್‌ಗೆ ಆ ವರ್ಗಾವಣೆಯಿಂದ ಸಾಲಿಡಾರಿಟಿ ಪಾಲು ಬರಲಿಲ್ಲ. ಆಟಗಾರನಿಗೆ ಒಳ್ಳೆಯದಾದದ್ದು ಕಲಿಸಿದವರಿಗೆ ನಷ್ಟವಾಗುವ ವ್ಯವಸ್ಥೆ ಇದು. ಇಬ್ಬರೂ ಒಂದೇ ದೇಶದವರು!

ಹಾಗಾದರೆ ತಪ್ಪಿರುವುದು ಆಟಗಾರನ ಸ್ವಾತಂತ್ರ್ಯದಲ್ಲಿ ಅಲ್ಲ. ಕಲಿಸಿದವರ ಪಾಲನ್ನು ಮಾರಾಟದ ಬೆಲೆಗೆ ಕಟ್ಟಿಹಾಕಿದ್ದರಲ್ಲಿ. ಬೆಲೆಯಿಂದ ಅದನ್ನು ಬಿಡಿಸಿ, ಆಟಗಾರ ದೊಡ್ಡ ಲೀಗ್‌ನಲ್ಲಿ ಆಡಿದ ಪಂದ್ಯಕ್ಕೋ ವರ್ಷಕ್ಕೋ ಇಂತಿಷ್ಟು ಎಂದು ಕೊಟ್ಟರೆ ಈ ಎರಡು ವಾದಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ.

## ದುಡ್ಡು ಎಲ್ಲಿಂದ

ಇದು ಬರೀ ಆದರ್ಶದ ಮಾತಲ್ಲ. ಊರಿನ ಫುಟ್‌ಬಾಲ್‌ನ ಸ್ಥಿತಿ ನೋಡಿದರೆ ತುರ್ತು ಗೊತ್ತಾಗುತ್ತದೆ. 2000ದಲ್ಲಿ ಅಕ್ರಾದ ಹಾರ್ಟ್ಸ್ ಆಫ್ ಓಕ್ ಆಫ್ರಿಕಾದ ಚಾಂಪಿಯನ್ಸ್ ಲೀಗ್ ಗೆದ್ದಿತ್ತು. 2003 ಮತ್ತು 2004ರಲ್ಲಿ ನೈಜೀರಿಯಾದ ಎನಿಂಬಾ ಗೆದ್ದಿತು. ಅಲ್ಲಿಂದ 2025ರವರೆಗೆ ಪಶ್ಚಿಮ ಆಫ್ರಿಕಾದ ಒಂದು ಕ್ಲಬ್ ಕೂಡ ಆ ಕಪ್ ಎತ್ತಿಲ್ಲ. ಉತ್ತರ ಆಫ್ರಿಕಾ ಮತ್ತು ದಕ್ಷಿಣ ಆಫ್ರಿಕಾದ ಕ್ಲಬ್‌ಗಳ ಹಣಬಲ ಒಂದು ಕಾರಣ. ಆಟಗಾರ ಹದಿನೆಂಟಕ್ಕೇ ಹೊರಟುಹೋಗುವುದು ಇನ್ನೊಂದು. ತಂಡದಲ್ಲಿ ಉಳಿಯುವವರು ಇನ್ನೂ ಹೋಗದವರು ಅಥವಾ ಹೋಗಿ ಬಂದವರು. ಜನ ಮೈದಾನಕ್ಕೆ ಬರುವುದು ಕಡಿಮೆಯಾಗುತ್ತದೆ, ಟಿವಿಯಲ್ಲಿ ತಮ್ಮದೇ ಹುಡುಗರನ್ನು ಇಂಗ್ಲೆಂಡಿನ ಅಂಗಿಯಲ್ಲಿ ನೋಡುತ್ತಾರೆ. ಆದಾಯ ಇಳಿಯುತ್ತದೆ. ಆದಾಯ ಇಳಿದರೆ ಮುಂದಿನ ಹುಡುಗನನ್ನು ಇನ್ನೂ ಬೇಗ, ಇನ್ನೂ ಕಡಿಮೆ ಬೆಲೆಗೆ ಕಳಿಸಬೇಕಾಗುತ್ತದೆ.

ಹಂಚುವ ದುಡ್ಡು ಇಲ್ಲ ಎನ್ನುವಂತಿಲ್ಲ. ವಿಶ್ವಕಪ್‌ಗೆ ಆಟಗಾರರನ್ನು ಬಿಟ್ಟುಕೊಡುವ ಕ್ಲಬ್‌ಗಳಿಗೆ ಫಿಫಾ 2022ರಲ್ಲಿ 20.9 ಕೋಟಿ ಡಾಲರ್ ಕೊಟ್ಟಿತ್ತು. 2026ಕ್ಕೆ ಅದನ್ನು 35.5 ಕೋಟಿಗೆ ಏರಿಸಿದೆ. 2022ರ ಕತಾರ್ ವಿಶ್ವಕಪ್‌ನಲ್ಲಿ ಆಟಗಾರ ಶಿಬಿರದಲ್ಲಿದ್ದ ಒಂದೊಂದು ದಿನಕ್ಕೂ ಲೆಕ್ಕ ಹಾಕಿ ಈ ಹಣ ಕೊಟ್ಟರು. ಟ್ರಾನ್ಸ್‌ಫರ್ ಬೆಲೆಗೂ ಇದಕ್ಕೂ ಸಂಬಂಧವಿಲ್ಲ, ಒಪ್ಪಂದ ಮುರಿಯಿತೇ ಮುಗಿಯಿತೇ ಎಂಬ ಜಗಳವೂ ಇಲ್ಲ. ಆದರೆ ಈ ಹಣ ಹೋಗುವುದು ಆಟಗಾರನಿಗೆ ಈಗ ಅಥವಾ ಇತ್ತೀಚೆಗೆ ಸಂಬಳ ಕೊಟ್ಟ ಕ್ಲಬ್‌ಗಳಿಗೆ, ಹೆಚ್ಚಾಗಿ ಯುರೋಪಿನವಕ್ಕೆ. ಅವನಿಗೆ 8ರಿಂದ 18ರವರೆಗೆ ಕಲಿಸಿದವರಿಗೆ ಇದರಲ್ಲಿ ಪಾಲಿಲ್ಲ. ಎಲೆಕ್ಟ್ರಾನಿಕ್ ಪಾಸ್‌ಪೋರ್ಟ್ ಬಂದ ಮೇಲೆ ಆ ವರ್ಷಗಳಲ್ಲಿ ಬಹುಪಾಲು ಯಾರ ಕೈಯಲ್ಲಿ ಕಳೆದವು ಎಂಬುದು ಫಿಫಾದ ಕಂಪ್ಯೂಟರಿನಲ್ಲೇ ಇದೆ. ಒಂದು ಪಾಲನ್ನು ಅತ್ತ ತಿರುಗಿಸಲು ಟ್ರಾನ್ಸ್‌ಫರ್ ನಿಯಮ ಮುಟ್ಟಬೇಕಾಗಿಲ್ಲ, ಕೋರ್ಟಿನ ತೀರ್ಪಿಗೆ ಕಾಯಬೇಕಾಗಿಯೂ ಇಲ್ಲ. ಫಿಫಾ ಮತ್ತು ಕ್ಲಬ್‌ಗಳು ಕೂತು ತೀರ್ಮಾನಿಸಿದರೆ ಆಗುತ್ತದೆ.